ಇಳಿಸುವ ಜಾಗ ಕೇಳದೆ ಗಾಡಿ ಮಾತಾಡಬೇಡಿ

ಮಾನ್ಯ ಸಂಪಾದಕರೇ,

ಯುಗಾದಿ, ದಸರಾ ಹತ್ತಿರ ಬಂತೆಂದರೆ ತುಮಕೂರಿನ ಮನೆಮನೆಯಲ್ಲೂ ಅಟ್ಟ ಖಾಲಿ ಮಾಡುವ ಕೆಲಸ ಶುರು. ಪಾಲಿಕೆಯ ಆಟೊ ಟಿಪ್ಪರ್ ಇರುವುದು ದಿನದ ಹಸಿ ಕಸ, ಒಣ ಕಸ ಒಯ್ಯಲು. ಹರಿದ ಹಾಸಿಗೆ, ಕಾಲು ಮುರಿದ ದಿವಾನ, ಒಡೆದ ಕಮೋಡು, ಬಚ್ಚಲು ಕಿತ್ತ ಟೈಲ್ಸ್ ಚೂರು ಅದರಲ್ಲಿ ಹಿಡಿಸುವುದಿಲ್ಲ. ಆಗ ನಮ್ಮಂಥ ಲಗೇಜ್ ಗಾಡಿಯವರಿಗೆ ಫೋನ್ ಬರುತ್ತದೆ. ಕೇಳುವುದು ಒಂದೇ ಮಾತು: ‘ಲೋಡಿಗೆ ಎಷ್ಟಪ್ಪಾ?’ ‘ಇದನ್ನೆಲ್ಲ ಎಲ್ಲಿ ಇಳಿಸ್ತೀರಿ?’ ಎಂದು ಕೇಳುವವರು ಬಲು ಅಪರೂಪ. ಆಮೇಲೆ ಅದೇ ಹಾಸಿಗೆ, ಅದೇ ಕಮೋಡು ಯಾವುದೋ ಕೆರೆ ಏರಿಯ ಕೆಳಗೋ ರಿಂಗ್ ರಸ್ತೆಯ ಮಗ್ಗುಲಲ್ಲೋ ಬಿದ್ದಿರುವ ಫೋಟೊ ಪತ್ರಿಕೆಯಲ್ಲಿ ಬಂದಾಗ ಬೈಗುಳವೆಲ್ಲ ಗಾಡಿಯವರ ಪಾಲಿಗೆ. ಬೈಗುಳದಲ್ಲಿ ಅರ್ಧ ನ್ಯಾಯವೂ ಇದೆ. ಉಳಿದರ್ಧದ ಬಗ್ಗೆ ಈ ಪತ್ರ.

ಬಾಡಿಗೆ ಹೇಗೆ ಕೂಡುತ್ತದೆ ಎಂಬುದನ್ನು ಮೊದಲು ಬಿಡಿಸಿ ಹೇಳುತ್ತೇವೆ. ಗಾಡಿಯ ಕಂತು ಮತ್ತು ಡೀಸೆಲ್, ಇಬ್ಬರು ಆಳುಗಳ ಕೂಲಿ, ಸಾಮಾನು ಎಷ್ಟನೇ ಮಹಡಿಯಲ್ಲಿದೆ, ಗಾಡಿ ಬಾಗಿಲಿಗೇ ಬರುತ್ತದೋ ಓಣಿಯ ಬಾಯಲ್ಲೇ ನಿಲ್ಲಬೇಕೋ, ಕೊನೆಗೆ ಇಳಿಸುವ ಜಾಗದ ದೂರ ಮತ್ತು ಅಲ್ಲಿ ವಿಂಗಡಿಸಿ ಇಳಿಸಲು ಹಿಡಿಯುವ ಹೊತ್ತು. ಡೀಸೆಲ್ ಬೆಲೆ ಎಲ್ಲರಿಗೂ ಒಂದೇ, ಕೂಲಿಯೂ ಊರಲ್ಲಿ ಹೆಚ್ಚುಕಡಿಮೆ ಒಂದೇ. ಮೆಟ್ಟಿಲುಗಳನ್ನು ಯಾರೂ ಕಮ್ಮಿ ಮಾಡಲಾರರು. ಸೊನ್ನೆಗೆ ತರಬಹುದಾದ ಖರ್ಚು ಕೊನೆಯದೊಂದೇ. ಮೂವರನ್ನು ಕೇಳಿದಾಗ ಇಬ್ಬರು ಹತ್ತಿರ ಹತ್ತಿರದ ದರ ಹೇಳಿ, ಮೂರನೆಯವನು ಅದರ ಅರ್ಧಕ್ಕೆ ಒಪ್ಪಿದನೆಂದರೆ ಅವನು ಉಳಿಸುತ್ತಿರುವುದು ಇಳಿಸುವ ಖರ್ಚನ್ನೇ. ‘ಕತ್ತಲಾದ ಮೇಲೆ ಬರ್ತೀನಿ’ ಎಂದೂ ಹೇಳಿದರೆ ಅನುಮಾನವೇ ಬೇಡ, ಬೇರೆ ಗಾಡಿ ನೋಡಿ.

ಗಾಡಿ ತಿರುವು ದಾಟಿದರೆ ಹೊಣೆಯೂ ದಾಟಿತು ಎಂದು ಮನೆಯವರು ತಿಳಿದಿರುತ್ತಾರೆ. ಕಸ ಯಾರ ಮನೆಯಲ್ಲಿ ಹುಟ್ಟಿತೋ ಅವರೇ ವಿಂಗಡಿಸಿ ಕೊಡಬೇಕು, ಬೀದಿ, ಬಯಲು, ಚರಂಡಿ, ಕೆರೆಗೆ ಎಸೆಯಬಾರದು, ಸುಡಬಾರದು, ಹೂಳಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಕಾಲದಿಂದಲೂ ಸ್ಪಷ್ಟವಾಗಿದೆ. ಕೆರೆಯಂಗಳದ ರಾಶಿ ಕೆದಕಿದರೆ ಸಿಗುವುದೂ ಗಾಡಿಯವನ ಹೆಸರಲ್ಲ. ಬೆಸ್ಕಾಂ ಬಿಲ್ಲು, ಕೊರಿಯರ್ ಕವರು, ಮದುವೆ ಕರೆಯೋಲೆಯ ಮೇಲೆ ಬರೆದ ವಿಳಾಸ, ಎಲ್ಲವೂ ಮನೆಯವರದೇ.

ಹಾಗಾಗಿ ಫೋನಿನಲ್ಲಿ ಮೊದಲು ಜಾಗ, ಆಮೇಲೆ ದರ. ‘ಎಲ್ಲಾದರೂ ಹಾಕ್ತೀವಿ ಬಿಡಿ ಅಣ್ಣ’ ಎಂಬುದು ಉತ್ತರವಲ್ಲ. ‘ಕಬ್ಬಿಣ ಇಂಥ ಗುಜರಿಗೆ, ಗಾರೆ ಇಂಥ ಲೇಔಟಿನ ಸೈಟಿಗೆ, ಸೈಟಿನವರ ನಂಬರ್ ಕೊಡ್ತೀನಿ, ಉಳಿದದ್ದಕ್ಕೆ ವಾರ್ಡಿನ ಆರೋಗ್ಯ ನಿರೀಕ್ಷಕರನ್ನು ಕೇಳ್ಕೊಂಡು ಹೇಳ್ತೀನಿ’ ಎಂದರೆ ಅದು ಉತ್ತರ. ಅಜ್ಜಗೊಂಡನಹಳ್ಳಿಯಲ್ಲಿ ಪಾಲಿಕೆಯ ಕಸ ಸಂಸ್ಕರಣಾ ಘಟಕ ಇದೆಯಲ್ಲ, ಅಲ್ಲಿಗೇ ಸುರಿದು ಬನ್ನಿ ಎನ್ನುವವರೂ ಉಂಟು. ಖಾಸಗಿ ಗಾಡಿ ಅಲ್ಲಿಗೆ ಹೋಗಬೇಕಾದರೆ ಮೊದಲು ಪಾಲಿಕೆಯನ್ನು ಕೇಳಬೇಕು. ಕೇಳದೆ ಹೋಗಿ ಗೇಟಿನಲ್ಲಿ ಜಗಳವಾಡಿ ವಾಪಸ್ ಬಂದ ಲೋಡು ಕೊನೆಗೆ ಎಲ್ಲಿ ಇಳಿಯುತ್ತದೆ ಎಂದು ಹೇಳಬೇಕಿಲ್ಲ.

ಸಾಮಾನು ಎಷ್ಟಿದೆ ಎಂಬುದನ್ನು ಬಾಯಲ್ಲಿ ಹೇಳಿದರೆ ಯಾವತ್ತೂ ತಾಳೆಯಾಗುವುದಿಲ್ಲ. ‘ಸ್ವಲ್ಪ ಇದೆ’ ಎಂದದ್ದು ಎರಡು ಲೋಡಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ನಾಲ್ಕೈದು ಫೋಟೊ ಕಳಿಸಿ, ರಾಶಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟು ತೆಗೆಯಿರಿ, ಅಳತೆ ತಾನಾಗಿ ಸಿಗುತ್ತದೆ. ಮೆಟ್ಟಿಲಿನ ಫೋಟೊ ಒಂದು, ಮನೆ ಮುಂದಿನ ರಸ್ತೆಯದು ಒಂದು. ಚಿಕ್ಕಪೇಟೆ, ಮಂಡಿಪೇಟೆ ಕಡೆಯ ಹಳೇ ಮನೆಗಳ ಮೆಟ್ಟಿಲು ಕಿರಿದು, ನಡುವೆ ತಿರುವು ಬೇರೆ. ಅಲ್ಲಿ ಡಬಲ್ ಕಾಟ್ ಬಿಚ್ಚದೆ ಇಳಿಯುವುದಿಲ್ಲ, ಬಿಚ್ಚಲು ಸ್ಪ್ಯಾನರ್ ತರಬೇಕೆಂದು ನಮಗೆ ಮೊದಲೇ ಗೊತ್ತಿರಬೇಕು. ಬಂದ ಮೇಲೆ ಗೊತ್ತಾದರೆ ಗೋಡೆಯ ಮೂಲೆ ಕಿತ್ತುಹೋಗುತ್ತದೆ, ಆಮೇಲೆ ಅದಕ್ಕೊಂದು ಪಂಚಾಯ್ತಿ.

ಗಾಡಿ ಕರೆಯುವ ಮುನ್ನ ಗುಜರಿಯವರನ್ನು ಕರೆಯಿರಿ. ಇದು ನಮ್ಮ ಹೊಟ್ಟೆಯ ಮೇಲೆ ನಾವೇ ಹೊಡೆದುಕೊಳ್ಳುವ ಮಾತು, ಆದರೂ ಹೇಳುತ್ತೇವೆ. ‘ಗುಜರಿ ಸಾಮಾನೆಲ್ಲ ನೀವೇ ಇಟ್ಕೊಳ್ಳಿ, ಬಾಡಿಗೆ ಕಮ್ಮಿ ಮಾಡಿ’ ಎಂಬ ಒಪ್ಪಂದದಲ್ಲಿ ಸೋಲುವುದು ಮನೆಯವರೇ. ಹಿತ್ತಾಳೆ ನಲ್ಲಿ, ತಾಮ್ರದ ವೈರು, ಅಲ್ಯೂಮಿನಿಯಂ ಕಿಟಕಿ ಚೌಕಟ್ಟು ಕಬ್ಬಿಣದ ಜೊತೆ ಬೆರೆತು ಕಬ್ಬಿಣದ ಲೆಕ್ಕದಲ್ಲೇ ಹೋಗುತ್ತವೆ. ಲೋಹ ಬೇರೆ ಬೇರೆ ಮಾಡಿ, ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿ ತರುವವರಿಗೆ ತೂಕ ಹಾಕಿಸಿ ಕೊಡಿ. ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತಕ್ಕಡಿಯನ್ನು ನಂಬಬೇಡಿ. ಅದರ ಕೊಕ್ಕೆ ಹಿಡಿದ ಕೈ ಸ್ವಲ್ಪ ಮೇಲೆ ಕೆಳಗೆ ಆದರೆ ಮುಳ್ಳೂ ಕುಣಿಯುತ್ತದೆ. ಹಾಗೆ ಕುಣಿಸುವವರು ನಮ್ಮ ಬಳಗದಲ್ಲೂ ಇದ್ದಾರೆ.

ಕಾಗದ ಕೊಡುವಾಗ ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್ ನಕಲು, ಸಹಿ ಇರುವ ಖಾಲಿ ಚೆಕ್ಕು ಬೇರೆ ತೆಗೆದು ಹರಿದು ನೆನೆಸಿಬಿಡಿ. ಗುಜರಿಗೆ ಹೋದ ಹಾಳೆ ಮತ್ತೆ ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ಬರುತ್ತದೆ, ಅದರ ಮೇಲೆ ನಿಮ್ಮ ಫೋಟೊ, ಹುಟ್ಟಿದ ತಾರೀಕು ಎಲ್ಲ ನೀಟಾಗಿ ಇರುತ್ತದೆ. ಬೀರುವಿನ ಲಾಕರು, ಅರೆಗೆ ಹಾಸಿದ ಹಳೇ ಪೇಪರಿನ ಕೆಳಗೆ, ಟ್ರಂಕಿನ ಮೂಲೆ, ದಿಂಬಿನ ಗವಸು ಇವನ್ನೆಲ್ಲ ಕೈ ಹಾಕಿಯೇ ನೋಡಬೇಕು. ವಯಸ್ಸಾದವರು ಮಲಗುತ್ತಿದ್ದ ಹಾಸಿಗೆಯಾದರೆ ಹೊಲಿಗೆಯ ಉದ್ದಕ್ಕೂ ಒತ್ತಿ ನೋಡಿ. ಗಾಡಿ ಹೋದ ಮೇಲೆ ‘ಅದರಲ್ಲಿ ಓಲೆ ಇತ್ತು’ ಎಂದರೆ ಯಾರ ಮೇಲೆ ಅನುಮಾನ ಬೀಳುತ್ತದೆ ಎಂಬುದು ನಮಗೆ ಗೊತ್ತು.

ಈಗ ಗಾರೆ-ಇಟ್ಟಿಗೆಯ ವಿಷಯ. ಜಗಳ, ದಂಡ, ಗಾಡಿ ಕೆಡುವುದು ಎಲ್ಲ ಇದರಲ್ಲೇ ಹೆಚ್ಚು. ಜನ ಇದನ್ನು ಕಣ್ಣಳತೆಯಲ್ಲಿ ನೋಡುತ್ತಾರೆ, ಗಾಡಿ ತೂಕದಲ್ಲಿ ನೋಡುತ್ತದೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ನಮ್ಮೂರಲ್ಲಿ ಈ ಕೆಲಸಕ್ಕೆ ಅದೇ ಮಾಮೂಲಿ ಗಾಡಿ. ಅದರ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಮ್ಮಿ ಅಗಲ, ಪಕ್ಕದ ತಗಡು ಒಂದು ಅಡಿ ಎತ್ತರ. ತಗಡಿನ ಮಟ್ಟಕ್ಕೆ ಸಮನಾಗಿ ತುಂಬಿದರೆ ಒಂದು ಘನ ಮೀಟರ್ ಆಸುಪಾಸು ಹಿಡಿಯುತ್ತದೆ. ಒಡೆದ ಇಟ್ಟಿಗೆ-ಗಾರೆ ಒಂದು ಘನ ಮೀಟರಿಗೆ ಒಂದು ಟನ್ನಿಗಿಂತ ಚೆನ್ನಾಗಿಯೇ ಮೇಲೆ, 1,200ರಿಂದ 1,400 ಕಿಲೋ ತೂಗುತ್ತದೆ. ಏಸ್ ಹೊರಬೇಕಾದ್ದು ಸುಮಾರು 750 ಕಿಲೋ. ಅಂದರೆ ತೊಟ್ಟಿ ಅರ್ಧಕ್ಕಿಂತ ತುಸು ಮೇಲೆ ಬರುವಷ್ಟರಲ್ಲೇ ಭಾರ ಮುಗಿಯಿತು. ‘ಇನ್ನೂ ಅರ್ಧ ಖಾಲಿ ಇದೆಯಲ್ಲ, ತುಂಬ್ರಪ್ಪ’ ಎಂಬ ಮಾತು ಬರುವುದು ಅಲ್ಲೇ. ತುಂಬಿದರೆ ಆಗುವುದಿಷ್ಟು: ಭಾರ ಹಿಂದಕ್ಕೆ ಬಿದ್ದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟೇರಿಂಗ್ ಕೈಗೆ ಸಿಗುವುದಿಲ್ಲ, ಮೊದಲ ಹಂಪಿನಲ್ಲೇ ಹಿಂದಿನ ಸ್ಪ್ರಿಂಗ್ ಪ್ಲೇಟ್ ಕಟ್ಟಾಗುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಹೆಚ್ಚು ಭಾರಕ್ಕೆ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಒಂದು ಟ್ರಿಪ್ ಉಳಿಸಲು ಹೋಗಿ ತಿಂಗಳ ದುಡಿಮೆ ಕೈಬಿಡುವ ಲೆಕ್ಕ ಇದು.

ಮನೆಯವರೇ ಅಂದಾಜು ಮಾಡಿಕೊಳ್ಳಲು ಕೆಲವು ಲೆಕ್ಕ ಕೊಡುತ್ತೇವೆ. 10×12 ಅಡಿಯ ಕೋಣೆಯ ಟೈಲ್ಸನ್ನು ಕೆಳಗಿನ ಎರಡು ಇಂಚು ಗಾರೆ ಸಮೇತ ಕಿತ್ತರೆ 1,200 ಕಿಲೋ ದಾಟುತ್ತದೆ, ಏಸಿಗೆ ಎರಡು ಲೋಡು. 5×7 ಅಡಿಯ ಬಚ್ಚಲುಮನೆಯಲ್ಲಿ ನೆಲ, ಗೋಡೆ ಎರಡರ ಟೈಲ್ಸೂ ತೆಗೆದರೆ ಒಂದು ಟನ್ ಸುಲಭವಾಗಿ ಆಗುತ್ತದೆ. ಹತ್ತಡಿ ಉದ್ದ, ಹತ್ತಡಿ ಎತ್ತರದ ನಾಲ್ಕೂವರೆ ಇಂಚಿನ ಗೋಡೆ ಕೆಡವಿದರೆ ಎರಡು ಟನ್, ಅದಕ್ಕೆ ಬೊಲೆರೊ ಪಿಕಪ್ ಹೇಳುವುದೇ ಮೇಲು, ಅದೂ ಒಂದೇ ಲೋಡಿಗೆ ಮುಗಿಯುವುದಿಲ್ಲ. ಎರಡು-ಮೂರು ಗೋಡೆ ಕೆಡವುವವರು ಟ್ರ್ಯಾಕ್ಟರ್ ಟ್ರೈಲರ್ ಮಾತಾಡಲಿ.

ಚೀಲಕ್ಕೆ ತುಂಬಿಸಿಟ್ಟರೆ ತೂಕ ಎಣಿಸುವುದು ಸುಲಭ. ಸಿಮೆಂಟಿನ ಖಾಲಿ ಚೀಲ ಬಾಯಿವರೆಗೆ ತುಂಬಿದರೆ 40 ಕಿಲೋ ಮೀರುತ್ತದೆ, ಎತ್ತುವಾಗ ಹೊಲಿಗೆ ಬಿಡುತ್ತದೆ, ಮೂರನೇ ಮಹಡಿಯಿಂದ ಇಳಿಸುವವನ ಸೊಂಟವೂ ಬಿಡುತ್ತದೆ. ಅರ್ಧಕ್ಕೆ ಸ್ವಲ್ಪ ಮೇಲೆ, 25 ಕಿಲೋ ಬರುವಷ್ಟು ತುಂಬಿ ಬಾಯಿ ಕಟ್ಟಿ. ಅಂಥವು 30 ಆದರೆ ಏಸಿಗೆ ಒಂದು ಲೋಡು. ಚೀಲ ತುಂಬಿ ತಿಂಗಳುಗಟ್ಟಲೆ ತಾರಸಿಯ ಬಿಸಿಲಲ್ಲಿ ಬಿಡಬೇಡಿ. ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಹಪ್ಪಳವಾಗಿ, ಮುಟ್ಟಿದರೆ ಪುಡಿಯಾಗುತ್ತದೆ, ಆಗ ಎಲ್ಲವನ್ನೂ ಮತ್ತೆ ಬಾಂಡ್ಲಿಯಲ್ಲಿ ತುಂಬಬೇಕು. ಗಾಜು, ಕನ್ನಡಿ ಚೂರು ಇರುವ ಚೀಲ ಬೇರೆಯಾಗಿಟ್ಟು ಕೆಂಪು ಬಟ್ಟೆ ಕಟ್ಟಿ. ಆಳುಗಳು ಚೀಲವನ್ನು ತೊಡೆಗೆ ಆನಿಸಿಕೊಂಡೇ ಎತ್ತುವುದು, ಕೊಯ್ಯುವುದು ಅಲ್ಲೇ.

ಗಾರೆಗೆ ಇಳಿಸುವ ಜಾಗ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಊರ ಸುತ್ತ ಹೊಸ ಬಡಾವಣೆಗಳು ಏಳುತ್ತಲೇ ಇವೆ. ಪಾಯ ತುಂಬಲು, ತಗ್ಗು ಸೈಟು ಎತ್ತರಿಸಲು ಒಳ್ಳೇ ಇಟ್ಟಿಗೆ-ಗಾರೆಯನ್ನು ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಆದರೆ ಅದರಲ್ಲಿ ಮರದ ಚೂರು ಇರಬಾರದು, ನೆಲದಡಿ ಮರ ಸಿಕ್ಕಿದರೆ ಗೆದ್ದಲು ಹಿಡಿದು ಮನೆಯೊಳಗೆ ಏರುತ್ತದೆ. ಪ್ಲಾಸ್ಟಿಕ್, ಬಟ್ಟೆ, ಥರ್ಮೋಕೋಲ್ ಇರಬಾರದು, ಅದು ಅದುಮಿಕೊಂಡು ಆಮೇಲೆ ನೆಲ ಕುಸಿಯುತ್ತದೆ. ಫಾಲ್ಸ್ ಸೀಲಿಂಗಿನ ಪಿಒಪಿ ಇರಬಾರದು, ಅದು ನೀರು ಕುಡಿದು ಮೆತ್ತಗಾಗುತ್ತದೆ. ಕೆಡವುವ ದಿನವೇ ಗಾರೆ ಒಂದು ಮೂಲೆಗೆ, ಉಳಿದದ್ದು ಇನ್ನೊಂದಕ್ಕೆ ಹಾಕಿಸಿದರೆ ಸಾಕು. ಮೇಸ್ತ್ರಿಗೆ ಮೊದಲ ದಿನವೇ ಹೇಳಿಬಿಡಿ, ಬೆರೆಸಿದ ಮೇಲೆ ಬೇರೆ ಮಾಡುವ ಕೂಲಿ ಗಾಡಿ ಬಾಡಿಗೆಯನ್ನೂ ಮೀರುತ್ತದೆ. ಬೆರಕೆ ರಾಶಿಯನ್ನು ಯಾರೂ ತಮ್ಮ ಸೈಟಿಗೆ ಸೇರಿಸುವುದಿಲ್ಲ, ಹಾಗಾಗಿಯೇ ಅದು ಕೆರೆಗೆ ಹೋಗುವುದು. ಸೈಟಿನ ಯಜಮಾನರಿಗೆ ಮನೆಯವರೇ ಒಮ್ಮೆ ಫೋನ್ ಮಾಡಿ ಕೇಳಿಕೊಳ್ಳಲಿ. ಪಕ್ಕದ ಖಾಲಿ ಸೈಟು ಯಾರದೋ ಗೊತ್ತಿಲ್ಲ ಎಂದು ಇಳಿಸಿ ಹೋದರೆ ಅದರ ಯಜಮಾನ ಊರಿಂದ ಬಂದ ದಿನ ಬೀದಿಯಲ್ಲಿ ರಾದ್ಧಾಂತ.

ಅಡುಗೆಮನೆ ಮೇಲಿನ, ಹಿತ್ತಲಿನ ಹಳೇ ಸಿಮೆಂಟ್ ಶೀಟುಗಳ ವಿಚಾರದಲ್ಲಿ ಎಚ್ಚರ. ಅವುಗಳಲ್ಲಿ ಆಸ್‌ಬೆಸ್ಟಾಸ್ ನಾರು ಇರುತ್ತದೆ. ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಇಳಿದರೆ ವಾಪಸ್ ಬರುವುದಿಲ್ಲ, ಕಾಯಿಲೆ ಎಷ್ಟೋ ವರ್ಷದ ಮೇಲೆ ಕಾಣಿಸುತ್ತದೆ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಗಾಡಿಗೆ ಹಿಡಿಸಲಿ ಎಂದು ಸುತ್ತಿಗೆಯಲ್ಲಿ ಕುಟ್ಟಿಸುವುದು, ಗುಡಿಸಲು ಒಣ ಪೊರಕೆ ಹಿಡಿಸುವುದು ಬೇಡ.

ಹಾಸಿಗೆಗಳಲ್ಲಿ ಅರಳೆಯದು, ಬೂರುಗದ್ದು ಕಸವೇ ಅಲ್ಲ. ಹಿಂಜಿ, ಹೊಸ ಬಟ್ಟೆ ಹಾಕಿ ಹೊಲಿದುಕೊಡುವವರು ಇನ್ನೂ ಇದ್ದಾರೆ, ಒಂದು ಡಬಲ್ ಹಾಸಿಗೆಯಲ್ಲಿ ಎರಡು ಸಿಂಗಲ್ ತೆಗೆಯಬಹುದು. ನಾರಿನದು, ಫೋಮಿನದು, ಸ್ಪ್ರಿಂಗಿನದು ಹಾಗಲ್ಲ, ಅವುಗಳಿಗೆ ಕೊಳ್ಳುವವರಿಲ್ಲ. ಮಳೆಗೆ ಬಿಡಬೇಡಿ ಎಂಬುದು ನಮ್ಮ ಕಳಕಳಿಯ ವಿನಂತಿ. ನೆನೆದ ಹಾಸಿಗೆ ಒಣಗಿದ್ದರ ಎರಡು-ಮೂರು ಪಟ್ಟು ತೂಗುತ್ತದೆ, ಮೆಟ್ಟಿಲಿನ ಮೇಲೆ ಜಾರುತ್ತದೆ, ವಾಸನೆಗೆ ಆಳುಗಳು ಬರುವುದಿಲ್ಲ ಎನ್ನುತ್ತಾರೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಸರಿಯಾಗಿ ದಸರಾ ಸಫಾಯಿಯ ಹೊತ್ತಿಗೆ. ಹೊರಗೆ ಹಾಕುವುದಾದರೆ ಗಾಡಿ ಬರುವ ಬೆಳಿಗ್ಗೆಯೇ ಹಾಕಿ.

ಸೋಫಾ ಇಡಿಯಾಗಿ ಹೋದರೆ ಗಾಡಿಯ ಮುಕ್ಕಾಲು ಜಾಗ ನುಂಗುತ್ತದೆ. ರೆಕ್ಸಿನ್ ಕೊಯ್ದು, ಫೋಮ್ ತೆಗೆದು, ಚೌಕಟ್ಟು ಬಿಚ್ಚಿದರೆ ಅದೇ ಸೋಫಾ ಎರಡು ಕಟ್ಟು ಆಗುತ್ತದೆ. ಬಣ್ಣ ಹಚ್ಚದ ಗಟ್ಟಿ ಮರವನ್ನು ಹಂಡೆ ಒಲೆಗೆ ಬೇಕೆನ್ನುವವರಿಗೆ ಕೊಡಿ. ಪ್ಲೈವುಡ್, ಒತ್ತುಹಲಗೆ ಬೇಡ, ಅದರ ಅಂಟು ಉರಿದಾಗ ಬರುವ ಹೊಗೆ ಕೆಟ್ಟದ್ದು, ಬಚ್ಚಲಿನಲ್ಲಿ ಅದನ್ನು ಕುಡಿಯುವುದು ಹೆಚ್ಚಾಗಿ ಮನೆಯ ಹೆಂಗಸರು, ಮಕ್ಕಳು. ಹಲಗೆಯ ಮೊಳೆಗಳನ್ನು ಕೀಳಲಾಗದಿದ್ದರೆ ಸುತ್ತಿಗೆಯಲ್ಲಿ ಬಗ್ಗಿಸಿಯಾದರೂ ಕೊಡಿ. ನಮ್ಮ ಹುಡುಗರು ಬಹಳಷ್ಟು ಮಂದಿ ಹವಾಯಿ ಚಪ್ಪಲಿಯವರು.

ಕಬ್ಬಿಣದ ಬೀರು ಎಂಬತ್ತು-ತೊಂಬತ್ತು ಕಿಲೋ ತೂಗಬಹುದು. ಅರೆ, ಬಟ್ಟೆ ಎಲ್ಲ ಖಾಲಿ ಮಾಡಿ, ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಹಿಡಿಗೇ ಕಟ್ಟಿ. ಬೀಗ ಹಾಕದೆ ಇಳಿಸಿದರೆ ನಡುಮೆಟ್ಟಿಲಲ್ಲಿ ಬಾಗಿಲು ತೆರೆದುಕೊಂಡು ಕೆಳಗಿನವನ ಮುಖಕ್ಕೆ ಬಡಿಯುತ್ತದೆ. ಕನ್ನಡಿಯ ಮೇಲೆ ಟೇಪನ್ನು ಅಡ್ಡಡ್ಡ ಅಂಟಿಸಿ. ಬಾಲ್ಕನಿಯಿಂದ ಹಗ್ಗದಲ್ಲಿ ಇಳಿಸಬೇಕಾದರೆ ಸಣ್ಣ ನೈಲಾನ್ ಹಗ್ಗ ಕೊಡಬೇಡಿ, ಅದು ಎಳೆದುಕೊಳ್ಳುತ್ತದೆ, ಅಂಗೈ ಸುಡುತ್ತದೆ. ಹೆಬ್ಬೆರಳು ಗಾತ್ರದ ನಾರಿನದ್ದೋ ನೂಲಿನದ್ದೋ ಹಗ್ಗವಾಗಬೇಕು, ಕೆಳಗೆ ಯಾರೂ ನಿಲ್ಲಬಾರದು.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಬಾಗಿಲು ತೆರೆದಿಟ್ಟು ನೀರಿಳಿಸಿ, ನಿಲ್ಲಿಸಿಯೇ ಸಾಗಿಸಬೇಕು. ಹಿತ್ತಲಲ್ಲಿ ಯಾರಾದರೂ ಅದರ ಕಂಪ್ರೆಸರ್ ಪೈಪನ್ನು ಕತ್ತರಿಸಲು ಬಂದರೆ ಬಿಡಬೇಡಿ. ಈಚಿನ ಫ್ರಿಜ್ಜುಗಳ ಹಿಂದಿನ ಚೀಟಿಯಲ್ಲಿ ಆರ್600ಎ ಎಂದಿದ್ದರೆ ಅದು ಅಡುಗೆ ಅನಿಲದಂತೆಯೇ ಹೊತ್ತಿಕೊಳ್ಳುವ ಗ್ಯಾಸು, ಒಂದು ಬೀಡಿ ಕಿಡಿ ಸಾಕು. ಹಳೇ ಡಬ್ಬಾ ಟಿವಿಯ ಗಾಜಿನ ಬುರುಡೆಯಲ್ಲಿ ಸೀಸ ಇದೆ, ತಾಮ್ರದ ಸುರುಳಿಯ ಆಸೆಗೆ ಅದನ್ನು ಒಡೆದು ಚರಂಡಿಗೆ ತಳ್ಳುತ್ತಾರೆ. ಟ್ಯೂಬ್‌ಲೈಟು, ಸಿಎಫ್ಎಲ್ ಬಲ್ಬಿನಲ್ಲಿ ಪಾದರಸ ಇದೆ, ಬಂದ ರಟ್ಟಿನ ಕವಚದಲ್ಲೇ ಒಡೆಯದಂತೆ ಇಟ್ಟು ಕೊಡಿ. ಇ-ತ್ಯಾಜ್ಯವನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ನಮಗೆ ಹತ್ತಿರದ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲೇ ಅಂಥ ಘಟಕ ಇದೆ. ಒಂದು ಟಿವಿಗಾಗಿ ಯಾರೂ ಅಲ್ಲಿಗೆ ಹೋಗುವುದಿಲ್ಲ ನಿಜ, ಬೀದಿಯ ಹತ್ತು ಮನೆಯವರು ಸೇರಿದರೆ ಒಂದು ಗಾಡಿಯ ಕೆಲಸ. ಯುಪಿಎಸ್ ಬ್ಯಾಟರಿಯನ್ನು ಮಾತ್ರ ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆ ಕಳೆಸಿಕೊಳ್ಳಿ. ಐವತ್ತು ಕಿಲೋ ಮೇಲಿನ ಆ ಬ್ಯಾಟರಿಯನ್ನು ಮಲಗಿಸಿ ಸಾಗಿಸಿದರೆ ಆಸಿಡ್ ಸೋರಿ ತೊಟ್ಟಿಯ ತಗಡೂ ಹೋಗುತ್ತದೆ, ಆಳಿನ ಕಾಲೂ ಹೋಗುತ್ತದೆ. ಗ್ಯಾಸ್ ಸಿಲಿಂಡರ್ ಯಾವ ಕಾರಣಕ್ಕೂ ಗುಜರಿಗಲ್ಲ, ಏಜೆನ್ಸಿಗೆ. ಗೀಸರ್ ಬಿಚ್ಚಿಸಿದರೆ ನೀರು ಖಾಲಿ ಮಾಡಿಸಿ. 25 ಲೀಟರಿನದು ಎಂದರೆ ಸುಮ್ಮನೆ 25 ಕಿಲೋ ಹೆಚ್ಚು ಹೊರಿಸಿದಂತೆ.

ನಮ್ಮ ಜಿಲ್ಲೆಯ ಮನೆಗಳಲ್ಲೇ ಹೆಚ್ಚಾಗಿ ಕಾಣುವ ಒಂದೆರಡು ಸಾಮಾನಿವೆ. ನೀರು ಬತ್ತಿದ ಬೋರ್‌ವೆಲ್ಲಿನ ಜಿಐ ಪೈಪು 20 ಅಡಿ ಉದ್ದ, ಏಸಿನ ತೊಟ್ಟಿ 7 ಅಡಿ. ಹಿಂದಕ್ಕೆ ಚಾಚಿಕೊಂಡು ಬಿ.ಎಚ್. ರಸ್ತೆಯಲ್ಲಿ ಹೋದರೆ ಹಿಂದಿನ ಬೈಕಿನವನ ಗತಿ ಏನು? ಮೂರು ತುಂಡು ಮಾಡಿಸಿ ಕೊಡಿ, ಅಥವಾ ಉದ್ದದ ಗಾಡಿ ಹೇಳಿ. ಬಿರುಕು ಬಿಟ್ಟ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಒಂದೇ ಗಾಡಿಯ ಅರ್ಧ ಜಾಗ ಹಿಡಿಯುತ್ತದೆ. ಗರಗಸದಲ್ಲಿ ಉದ್ದುದ್ದ ನಾಲ್ಕಾಗಿ ಸೀಳಿದರೆ ಒಂದರೊಳಗೊಂದು ಕೂರುತ್ತದೆ, ಗುಜರಿಯವರೂ ತೂಕಕ್ಕೆ ಕೊಳ್ಳುತ್ತಾರೆ. ತೆಂಗಿನ ಗರಿ, ಮಟ್ಟೆಯನ್ನು ಹಸಿಯಾಗಿ ತುಂಬಿಸಬೇಡಿ, ವಾರ ಒಣಗಿಸಿ ಕಟ್ಟು ಕಟ್ಟಿದರೆ ತೂಕ ಇಳಿಯುತ್ತದೆ, ಸೌದೆಗೆ ಒಯ್ಯುವವರೂ ಸಿಗುತ್ತಾರೆ. ಚಿಪ್ಪಿಗೆ ಇದ್ದಿಲು ಮಾಡುವವರಿಂದ ಬೆಲೆಯೇ ಬರುತ್ತದೆ. ಹಿತ್ತಲಲ್ಲಿ ಬಹಳ ದಿನದಿಂದ ಬಿದ್ದ ರಾಶಿಯನ್ನು ಕೈಯಿಂದ ಎತ್ತಿಸುವ ಮೊದಲು ಕೋಲಿನಿಂದ ಬಡಿದು, ನೀರು ಹಾಕಿ ಅರ್ಧ ಗಂಟೆ ಬಿಡಬೇಕು. ಚೇಳು, ಹಾವು ಹೊರಗೆ ಹೋಗಲು ಅವಕಾಶ ಬೇಕಲ್ಲ.

ತುಂಬುವಾಗ ಚೀಲಗಳು ಕೆಳಗೆ, ಕ್ಯಾಬಿನ್ನಿನ ಬೆನ್ನಿಗೆ ಆತು. ಹಲಗೆ, ಬಾಗಿಲುಗಳನ್ನು ಎರಡೂ ಪಕ್ಕಕ್ಕೆ ನಿಲ್ಲಿಸಿದರೆ ಗೋಡೆಯಂತಾಗಿ ಮೇಲೆ ಹಗುರ ಸಾಮಾನು ಹಿಡಿಸುತ್ತದೆ. ಮೇಲೆ ಟಾರ್ಪಾಲ್, ಅದರ ಮೇಲೆ ಹಗ್ಗ. ಟಾರ್ಪಾಲ್ ಇಲ್ಲದೆ ಥರ್ಮೋಕೋಲ್ ತುಂಬಿದ ಗಾಡಿ ಕ್ಯಾತ್ಸಂದ್ರ ತಲುಪುವ ಹೊತ್ತಿಗೆ ಅರ್ಧ ರಸ್ತೆಗೆ ಹಂಚಿರುತ್ತದೆ. ಆಳುಗಳನ್ನು ಲೋಡಿನ ಮೇಲೆ ಕೂರಿಸುವ ಗಾಡಿ ಬೇಡ. ಬಿದ್ದರೆ ವಿಮೆ ಕೈಹಿಡಿಯುತ್ತದೆಂಬ ಭರವಸೆ ಇಲ್ಲ. ಹಳದಿ ನಂಬರ್ ಪ್ಲೇಟ್ ಇದೆಯೇ ನೋಡಿ. ಹದಿನೆಂಟು ತುಂಬದ ಹುಡುಗರನ್ನು ಆಳೆಂದು ತಂದವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿ.

ಒಂದು ಕೆಲಸ ಮಾತ್ರ ಕೇಳಲೇಬೇಡಿ. ‘ಹೆಂಗೂ ಬಂದಿದೀರ, ಪಿಟ್ಟಿಗೆ ಒಂಚೂರು ಇಳಿದು ನೋಡಿಬಿಡಿ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಪಾಯಿಖಾನೆ ಗುಂಡಿಯ ವಿಷಾನಿಲಕ್ಕೆ ಮನುಷ್ಯ ನಿಮಿಷಗಳಲ್ಲಿ ಸಾಯುತ್ತಾನೆ, ಎತ್ತಲು ಇಳಿದವನೂ ಸಾಯುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇಳಿಸಿದವರ ಮೇಲೆ ಕ್ರಿಮಿನಲ್ ಕೇಸು. ಅದಕ್ಕೆ ಸಕ್ಕಿಂಗ್ ಮೆಷಿನ್ ಗಾಡಿ ಇದೆ. ಹೆಚ್ಚು ದುಡ್ಡಿಗೆ ಒಪ್ಪಿಕೊಳ್ಳುವವನು ಸಿಕ್ಕಿಯೇ ಸಿಗುತ್ತಾನೆ ಎಂಬುದಕ್ಕಾಗಿಯೇ ಕೇಳಬೇಡಿ ಎನ್ನುತ್ತಿದ್ದೇವೆ.

ಗಾಡಿ ಸಲೀಸಾಗಿ ಸಿಗುವುದು ಆಷಾಢದಲ್ಲಿ ಮತ್ತು ಪಿತೃಪಕ್ಷದಲ್ಲಿ. ಮನೆ ಬದಲಿಸುವವರು, ಗೃಹಪ್ರವೇಶದವರು ಆ ದಿನಗಳಲ್ಲಿ ಇರುವುದಿಲ್ಲ, ನಾವು ಸ್ಟ್ಯಾಂಡಿನಲ್ಲಿ ಖಾಲಿ ಕೂತಿರುತ್ತೇವೆ. ಹಳೇ ಸಾಮಾನು ಹೊರಹಾಕಲು ಮುಹೂರ್ತ ಬೇಕಿಲ್ಲವಾದ್ದರಿಂದ ಆಗ ಕರೆದರೆ ದರದಲ್ಲೂ ಹಿಡಿತ ಸಿಗುತ್ತದೆ. ಮೇ-ಜೂನಿನಲ್ಲಿ, ಶಾಲೆ ಶುರುವಾಗುವ ಮುನ್ನ, ಗಾಡಿಗೆ ಗಿರಾಕಿ ಜಾಸ್ತಿ.

ದುಡ್ಡಿನ ಮಾತು ಹೀಗಿರಲಿ: ‘ಲೋಡಿಗೆ ಇಷ್ಟು’ ಎಂದೋ ‘ಪೂರ್ತಿ ಖಾಲಿ ಮಾಡೋಕೆ ಇಷ್ಟು’ ಎಂದೋ ಮೊದಲೇ ಒಂದಕ್ಕೆ ನಿಲ್ಲಿ. ಲೋಡಿನ ಲೆಕ್ಕದಲ್ಲಿ ಗಾಡಿಯವನು ಸಡಿಲವಾಗಿ ತುಂಬಿ ಟ್ರಿಪ್ ಹೆಚ್ಚಿಸಬಹುದು. ಗುತ್ತಿಗೆಯ ಲೆಕ್ಕದಲ್ಲಿ ಮನೆಯವರು ‘ಇದೊಂದು, ಅದೊಂದು’ ಎಂದು ಹೊರಗೆ ತರುತ್ತಲೇ ಇರಬಹುದು. ಫೋಟೊ ಕಳಿಸಿದ್ದರೆ ಎರಡೂ ಜಗಳ ಇಲ್ಲ. ಕೂಲಿಯ ಭಾಗವನ್ನು ತುಂಬಿದ ತಕ್ಷಣ ಕೊಡಿ, ಉಳಿದದ್ದನ್ನು ಇಳಿಸಿದ ಜಾಗದ ಫೋಟೊ ಬಂದ ಮೇಲೆ. ಫೋಟೊದಲ್ಲಿ ನಿಮ್ಮ ಸಾಮಾನೂ ಗಾಡಿಯ ನಂಬರೂ ಒಟ್ಟಿಗೆ ಕಾಣಬೇಕು. ನಿಯತ್ತಿನ ಗಾಡಿಯವರು ಇದಕ್ಕೆ ಬೇಸರಪಡುವುದಿಲ್ಲ, ಬೇಸರಪಡುವವರನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಪಾಲಿಕೆಗೂ ನಮ್ಮದೊಂದು ಬೇಡಿಕೆ ಇದೆ. ನಗರದ ನಾಲ್ಕು ದಿಕ್ಕಿಗೆ ಒಂದೊಂದರಂತೆ ದೊಡ್ಡ ಸಾಮಾನು ಮತ್ತು ಗಾರೆ ಇಳಿಸಲು ಬೇಲಿ ಹಾಕಿದ ಜಾಗ, ಅಲ್ಲೊಬ್ಬ ಸಿಬ್ಬಂದಿ, ಒಂದು ರಸೀದಿ ಪುಸ್ತಕ ಬೇಕು. ಶುಲ್ಕ ಇಡಲಿ, ಕೊಡುತ್ತೇವೆ, ಅದನ್ನು ಬಾಡಿಗೆಯಲ್ಲಿ ಸೇರಿಸಿ ಮನೆಯವರಿಗೆ ರಸೀದಿ ತೋರಿಸುತ್ತೇವೆ. ಯುಗಾದಿ, ದಸರಾಕ್ಕೆ ಹದಿನೈದು ದಿನ ಮೊದಲು ವಾರ್ಡುವಾರು ದಿನಗಳನ್ನು ಆಟೊ ಟಿಪ್ಪರಿನ ಮೈಕಿನಲ್ಲೇ ಸಾರಬಹುದು. ಒಪ್ಪಿಗೆ ಪಡೆದ ಗಾಡಿಗಳ ನಂಬರ್ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ. ಪಟ್ಟಿಯಲ್ಲಿದ್ದೂ ಕೆರೆಗೆ ಸುರಿದು ಸಿಕ್ಕಿಬಿದ್ದವನ ಹೆಸರನ್ನು ಅಲ್ಲೇ ಹೊಡೆದುಹಾಕಲಿ, ನಾವ್ಯಾರೂ ಅವನ ಪರ ಮಾತಾಡಲು ಬರುವುದಿಲ್ಲ.

ಇಂತಿ,
ಲಗೇಜ್ ಗಾಡಿ ಚಾಲಕರು ಮತ್ತು ಹಮಾಲರು,
ತುಮಕೂರು